ಒಂದು ಬಾಟಲಿ ಹಾಕಿಬಿಡಿ ಡಾಕ್ಟ್ರೇ!

ಹಳ್ಳಿಯಲ್ಲಿ ಡಾಕ್ಟರ ಕೈಗುಣ ಅಳೆಯೋದು ಬಹಳ ಸುಲಭ. ಎಷ್ಟು ಸಲ ಚುಚ್ಚಿದರು? ಅಷ್ಟೇ ಲೆಕ್ಕ. ಎದೆಗೆ ಸ್ಟೆತಸ್ಕೋಪ್ ಇಟ್ಟು, ನಾಲಿಗೆ ನೋಡಿ, ಹತ್ತು ನಿಮಿಷ ಮಾತಾಡಿಸಿ, "ವೈರಲ್ ಜ್ವರ, ನೀರು ಜಾಸ್ತಿ ಕುಡಿದು ಮಲಗಿ" ಅಂದವರಿಗೆ ಏನೂ ಬರಲ್ಲ ಅಂತಲೇ ಅರ್ಥ. ಇದನ್ನು ಕೇಳೋಕೆ ಇಷ್ಟು ದೂರ ಬರಬೇಕಿತ್ತಾ? ಬಾಗಿಲು ದಾಟುತ್ತಿದ್ದಂತೆ ಸೂಜಿ ಎತ್ತಿಕೊಂಡವರು ಮಾತ್ರ ದೇವರಂಥವರು.

ಸೂಜಿಗಿಂತ ಮೇಲಿನದು ಬಾಟಲಿ. ಕಿಟಕಿಯ ಸರಳಿಗೆ ಅದನ್ನು ನೇತುಹಾಕಿದ ಕೂಡಲೇ ರೋಗಿಗೆ ಒಂದು ಗತ್ತು ಬರುತ್ತದೆ. ನೋಡಲು ಬಂದವರು ರೋಗಿಯ ಮುಖ ನೋಡುವುದಿಲ್ಲ, ತೊಟ್ಟಿಕ್ಕುವ ಹನಿ ನೋಡುತ್ತಾರೆ. "ಎಷ್ಟನೇದು?" "ಮೂರನೇದು." "ಓಹೋ, ಹಾಗಾದ್ರೆ ಜೋರಾಗೇ ಬಂದಿದೆ."

ಅರ್ಧ ಲೀಟರಿನ ಆ ಶೇಕಡಾ 5ರ ಗ್ಲೂಕೋಸ್ ಬಾಟಲಿಯಲ್ಲಿ ಇರೋದು 25 ಗ್ರಾಂ ಸಕ್ಕರೆ ಅಂಶ. ಸಲೈನ್ ಆದರೆ 4.5 ಗ್ರಾಂ ಉಪ್ಪು. ಮಿಕ್ಕಿದ್ದೆಲ್ಲ ನೀರು. ಏನನ್ನೂ ಕುಡಿಯಲಾಗದಷ್ಟು ಸುಸ್ತಾದವರ ಜೀವ ಉಳಿಸುವುದು ಇದೇ ನೀರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಂಚಿನ ಮೇಲೆ ಕೂತು ಹರಟೆ ಹೊಡೀತಿರೋರಿಗೂ ಅದೇ ಬೇಕು! ಭೇದಿಗೆ ಒಂದು ಲೀಟರ್ ನೀರಲ್ಲಿ ಓಆರ್‌ಎಸ್ ಅನ್ನೋ ಉಪ್ಪು-ಸಕ್ಕರೆ ಪುಡಿ ಕದಡಿ ಕುಡಿಯಿರಿ ಅಂದರೆ ಮುಖ ಗಂಟಿಕ್ಕುತ್ತದೆ. ಬಾಯಲ್ಲಿ ಕುಡಿಯೋದು ಔಷಧಿ ಹೇಗಾಗುತ್ತೆ? ನೋವೇ ಆಗಲಿಲ್ವಲ್ಲ!

ಡಾಕ್ಟರೂ ಎಷ್ಟು ದಿನ ಅಂತ ವಾದ ಮಾಡುತ್ತಾರೆ? ಚುಚ್ಚದಿದ್ದರೆ ರೋಗಿ ಮುಂದಿನ ಬೀದಿಗೆ ಹೋಗುತ್ತಾನೆ. ಹಾಗಾಗಿ ಅವರೂ ಚುಚ್ಚಲು ಕಲಿತರು. ಚುಚ್ಚಿದ ಮೇಲೆ ಒಂದು ಸ್ಕ್ಯಾನಿಂಗ್ ಸುಮ್ನೆ ಇರಲಿ ಅಂತ ಬರೆಯುವುದನ್ನೂ ಕಲಿತರು. ಸೊಂಟ ಹಿಡಿದುಕೊಂಡವನು ಆ ಫಿಲ್ಮನ್ನು ಬಿಸಿಲಿಗೆ ಹಿಡಿದು ಊರಿಗೆಲ್ಲ ತೋರಿಸುತ್ತಾನೆ. ಯಾರಿಗೂ ಏನೂ ಅರ್ಥವಾಗುವುದಿಲ್ಲ, ಆದರೆ ಎಲ್ಲರೂ ತಲೆಯಾಡಿಸುತ್ತಾರೆ.

ಇನ್ನು ನೆಗಡಿಗೆ 'ಪವರ್ ಇರೋ' ಮಾತ್ರೆ. ಅಂದರೆ ಬ್ಯಾಕ್ಟೀರಿಯಾ ಕೊಲ್ಲುವ ಆಂಟಿಬಯಾಟಿಕ್. ನೆಗಡಿ ತರುವುದು ವೈರಸ್, ಈ ಮಾತ್ರೆ ಅದರ ಕೂದಲನ್ನೂ ಕೊಂಕಿಸುವುದಿಲ್ಲ. ಆದರೂ ಎರಡು ದಿನ ನುಂಗಿ, ಉಳಿದದ್ದನ್ನು ಪಕ್ಕದ ಮನೆಯ ಸೀನಿಗೆ ದಾನ ಮಾಡುತ್ತೇವೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್, ಅರೆಬರೆ ತಗೊಂಡರೆ ರೋಗಾಣುಗಳು ಔಷಧಿಗೆ ಬಗ್ಗದಂತೆ ಪಳಗುತ್ತವೆ ಎಂದು 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು. ಪಾಪ, ಅವರೂ ಸೂಜಿ ಹಾಕದೆ ಬರೀ ಮಾತಾಡಿದರು. ಯಾರು ಕೇಳ್ತಾರೆ?

ಜ್ವರವೇನೋ ತನ್ನ ಪಾಡಿಗೆ ವಾರದಲ್ಲಿ ಇಳಿಯುತ್ತದೆ. ಅದಕ್ಕೆ ಮಾಡಿದ ಕೈಸಾಲ ಇಳಿಯೋಕೆ ವರ್ಷ ಬೇಕು. ಬಿಲ್ ನೋಡಿ ಮನೆಯವರು ಒಂದು ಕ್ಷಣ ಕಂಗಾಲಾದರು ನಿಜ. ಆಮೇಲೆ ಅಮ್ಮ ಸೂಜಿ ಕೀಳಲು ಬಂದ ನರ್ಸ್ ಕೈ ತಡೆದರು.

"ಇರಿ ಸಿಸ್ಟರ್, ತಳದಲ್ಲಿ ಇನ್ನೂ ಎರಡು ಬೆರಳಷ್ಟಿದೆ. ಅದೂ ಹೋಗ್ಲಿ, ದುಡ್ಡು ಕೊಟ್ಟಿದೀವಲ್ಲ."