ಸುರಕ್ಷಿತವಾಗಿರಿ, ಒಂಬತ್ತಕ್ಕೆ ಬನ್ನಿ

ಬಿರುಗಾಳಿಗಿಂತ ಮೊದಲು ಬರುವುದು ಮೇಲ್. ಹಿಂದಿನ ರಾತ್ರಿ ಹತ್ತರ ಮೇಲೆ ಬರುತ್ತದೆ. ಮೊದಲ ಸಾಲು ಯಾವಾಗಲೂ ಒಂದೇ: ‘ನಿಮ್ಮ ಸುರಕ್ಷತೆಯೇ ನಮ್ಮ ಮೊದಲ ಆದ್ಯತೆ.’ ಎರಡನೆಯದು: ‘ನಾಳೆ ಕಚೇರಿ ಎಂದಿನಂತೆ ನಡೆಯುತ್ತದೆ.’ ಮೂರನೆಯದು: ‘ಪರಿಸ್ಥಿತಿ ನೋಡಿಕೊಂಡು ನಿಮ್ಮ ವಿವೇಚನೆಯಂತೆ ನಿರ್ಧರಿಸಿ.’ ಕೊನೆಯದು ಸ್ವಲ್ಪ ಸಣ್ಣ ಅಕ್ಷರದಲ್ಲಿ: ‘ಬಾರದವರ ಲೆಕ್ಕದಿಂದ ಒಂದು ರಜೆ ಕಳೆಯಲಾಗುವುದು.’

ನಾಲ್ಕು ಸಾಲಿನಲ್ಲಿ ಕಂಪನಿ ಕೈ ತೊಳೆದುಕೊಂಡಾಯಿತು. ಹೊರಟು ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ವಿವೇಚನೆ ನಿಮ್ಮದು. ಮನೆಯಲ್ಲೇ ಉಳಿದರೆ ಕಳೆದ ರಜೆಯೂ ನಿಮ್ಮದು. ಕಂಪನಿಯದು ಅಂತ ಉಳಿದದ್ದು ಆದ್ಯತೆ ಮಾತ್ರ.

ಈ ವಿವೇಚನೆಯನ್ನು ವರ್ಷದ ಬೇರೆ ಯಾವ ದಿನವೂ ಯಾರೂ ನಮಗೆ ಕೊಡುವುದಿಲ್ಲ, ಗಮನಿಸಿದ್ದೀರಾ? ಹೊಸ ಮೌಸ್ ಬೇಕಿದ್ದರೆ ಮ್ಯಾನೇಜರ್ ಒಪ್ಪಬೇಕು, ಮ್ಯಾನೇಜರ್ ಒಪ್ಪಿದ್ದಕ್ಕೆ ಇನ್ನೊಬ್ಬರು ಒಪ್ಪಬೇಕು. ಅರ್ಧ ಗಂಟೆ ಬೇಗ ಹೊರಡಬೇಕಿದ್ದರೆ ಕಾರಣ ಬರೆದುಕೊಡಬೇಕು. ಆದರೆ ಗಾಳಿ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಬೀಸತೊಡಗಲಿ, ಅಷ್ಟೂ ಅಧಿಕಾರ ಮೇಲಿನ ಮಹಡಿಯಿಂದ ಸರ್ರನೆ ಇಳಿದು ಬಂದು ನಮ್ಮ ಕೈ ಸೇರುತ್ತದೆ. ಅಧಿಕಾರ ವಿಕೇಂದ್ರೀಕರಣ ಆಗಬೇಕಾದರೆ ಚಂಡಮಾರುತವೇ ಬರಬೇಕು.

ಹಿಂದೆ ಇದಕ್ಕೊಂದು ನೆಪವಾದರೂ ಇತ್ತು. ಗಾಳಿ ಯಾವಾಗ ಬರುತ್ತೆ ಅಂತ ಯಾರಿಗೆ ಗೊತ್ತು ಅನ್ನಬಹುದಿತ್ತು. ಈಗ ಹಾಗಲ್ಲ. ಇವತ್ತಿನ ಐದು ದಿನದ ಹವಾಮಾನ ಮುನ್ಸೂಚನೆ 1980ರ ಒಂದು ದಿನದ ಮುನ್ಸೂಚನೆಯಷ್ಟು ನಿಖರವಾಗಿದೆ. ಉಪಗ್ರಹ ಇದೆ, ರಾಡಾರ್ ಇದೆ, ಸೂಪರ್‌ ಕಂಪ್ಯೂಟರ್ ಇದೆ. ಚಂಡಮಾರುತ ಹುಟ್ಟುವ ಮೊದಲೇ ಅದಕ್ಕೆ ಹೆಸರು ಪಟ್ಟಿಯಲ್ಲಿ ಕಾದು ಕೂತಿರುತ್ತದೆ. ಹಳದಿ, ಕಿತ್ತಳೆ, ಕೆಂಪು ಅಂತ ಬಣ್ಣ ಬಳಿದು, ಓದಲು ಬಾರದವರಿಗೂ ಗೊತ್ತಾಗುವ ಹಾಗೆ ಎಚ್ಚರಿಕೆ ಕೊಡುತ್ತಾರೆ. ಇಷ್ಟೆಲ್ಲ ಆದ ಮೇಲೂ ‘ಇಂದು ಯಾರೂ ಬರುವುದು ಬೇಡ’ ಅನ್ನುವ ಸಂದೇಶ ಬರುವುದು ನೀವು ಎರಡನೇ ಬಸ್ಸು ಹತ್ತಿ, ಸೀಟು ಸಿಕ್ಕಿ, ಕೊಡೆ ಮಡಚಿ ಕಾಲ ಹತ್ತಿರ ಇಟ್ಟುಕೊಂಡ ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಇಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಊರಿನವರನ್ನೆಲ್ಲ ಹೊರಗೆ ಕಳಿಸಿ ಆಮೇಲೆ ಬಾಗಿಲು ಹಾಕುತ್ತಾರೆ.

ಯಾಕೆ ಹೀಗೆ ಅಂದರೆ, ಮೊದಲು ಬಾಯಿ ಬಿಡುವ ಧೈರ್ಯ ಯಾರಿಗೂ ಇಲ್ಲ. ಸರ್ಕಾರ ಹೇಳಲಿ ಅಂತ ಕಂಪನಿ ಕಾಯುತ್ತದೆ. ಕಂಪನಿಗಳೇ ನೋಡಿಕೊಳ್ಳಲಿ ಅಂತ ಸರ್ಕಾರ ಕಾಯುತ್ತದೆ. ಹವಾಮಾನ ಇಲಾಖೆ ಸೋಮವಾರವೇ ಹೇಳಿ ಸುಮ್ಮನಾಗಿರುತ್ತದೆ. ರಜೆ ಕೊಟ್ಟು ಬಿಸಿಲು ಬಂದರೆ ಕೊಟ್ಟವನ ಮಾನ ಹೋಗುತ್ತದೆ. ರಜೆ ಕೊಡದೆ ಪ್ರವಾಹ ಬಂದರೆ ಅದು ದೈವೇಚ್ಛೆ. ಇಂಥ ಲೆಕ್ಕದಲ್ಲಿ ಬುದ್ಧಿವಂತ ಅಧಿಕಾರಿ ಯಾವುದನ್ನು ಆರಿಸಿಕೊಳ್ಳುತ್ತಾನೆ ಅಂತ ಬೇರೆ ಹೇಳಬೇಕಾ?

ಬಿರುಗಾಳಿ ಇಲ್ಲದ ದಿನವೇನೂ ನಮ್ಮ ಪ್ರಯಾಣ ಹೂವಿನ ಹಾಸಿಗೆ ಆಗಿರಲಿಲ್ಲ ಬಿಡಿ. 1994ರಲ್ಲಿ ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ ಒಂದು ಲೆಕ್ಕ ಮುಂದಿಟ್ಟರು. ನಡೆದು ಓಡಾಡುತ್ತಿದ್ದ ಕಾಲದಿಂದ ಇಲ್ಲಿಯವರೆಗೂ ಮನುಷ್ಯ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಓಡಾಟಕ್ಕೆ ಕೊಡುತ್ತಾ ಬಂದಿದ್ದಾನೆ. ವಾಹನದ ವೇಗ ಹೆಚ್ಚಿದರೆ ಆ ಸಮಯ ಉಳಿಸುವುದಿಲ್ಲ, ಇನ್ನೂ ದೂರ ಹೋಗಿ ಮನೆ ಮಾಡುತ್ತಾನೆ. ಮಾರ್ಕೆಟ್ಟಿ ನಮ್ಮನ್ನು ನೋಡಿರಲಿಲ್ಲ. ನಾವು ಆ ಒಂದು ಗಂಟೆಯನ್ನು ಬೆಳಗಿನ ಮೊದಲ ಸಿಗ್ನಲ್ಲಿನಲ್ಲೇ ಖರ್ಚು ಮಾಡಿ ಮುಗಿಸುವ ಜನ.

2004ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಜೊತೆಗಾರರು ಅಮೆರಿಕದ ಟೆಕ್ಸಾಸ್‌ನಲ್ಲಿ 909 ಉದ್ಯೋಗಸ್ಥ ಮಹಿಳೆಯರನ್ನು ಕೇಳಿದರು: ದಿನದಲ್ಲಿ ಯಾವ ಹೊತ್ತು ಮನಸ್ಸಿಗೆ ಹಿತ? ಪಟ್ಟಿಯ ಕಟ್ಟಕಡೆಯಲ್ಲಿ ಬಿದ್ದದ್ದು ಬೆಳಗಿನ ಪ್ರಯಾಣ. ಕೆಲಸಕ್ಕಿಂತ, ಮನೆಗೆಲಸಕ್ಕಿಂತ ಕೆಳಗೆ. ಕೇಳಿದ್ದು ಸಾಮಾನ್ಯ ದಿನದ ಬಗ್ಗೆ. ಮೊಣಕಾಲು ನೀರಿನಲ್ಲಿ ನಿಂತವರನ್ನು ಕೇಳಿದ್ದರೆ ಆ ಉತ್ತರವನ್ನು ಪತ್ರಿಕೆಯಲ್ಲಿ ಅಚ್ಚು ಹಾಕಲು ಆಗುತ್ತಿರಲಿಲ್ಲ.

ಇನ್ನು ಸಲಹೆಗಳ ವಿಷಯ. ಮಳೆಗಾಲಕ್ಕೆ ಮುಂಚೆ ಮಾನವ ಸಂಪನ್ಮೂಲ ವಿಭಾಗದಿಂದ ಒಂದು ಬಣ್ಣಬಣ್ಣದ ಚಿತ್ರ ಬರುತ್ತದೆ. ನಗುತ್ತಿರುವ ಒಬ್ಬ ಹುಡುಗಿ, ಹಳದಿ ರೇನ್‌ಕೋಟ್, ಹಿಂದೆ ಕಾಮನಬಿಲ್ಲು. ಕೆಳಗೆ ಬರೆದಿರುತ್ತದೆ: ಪ್ರಯಾಣದ ಸಮಯವನ್ನು ನಿಮಗಾಗಿ ಬಳಸಿಕೊಳ್ಳಿ. ಪಾಡ್‌ಕಾಸ್ಟ್ ಕೇಳಿ. ಹೊಸ ಭಾಷೆ ಕಲಿಯಿರಿ. ಉಸಿರಾಟದ ಕಡೆ ಗಮನ ಕೊಡಿ. ಪಕ್ಕದವರ ಒದ್ದೆ ಜಾಕೆಟ್ಟಿಗೆ ಮೂಗು ಒತ್ತಿಕೊಂಡು, ಒಂದು ಕೈಯಲ್ಲಿ ಬಸ್ಸಿನ ಕಂಬಿ, ಇನ್ನೊಂದರಲ್ಲಿ ಲ್ಯಾಪ್‌ಟಾಪ್ ಚೀಲ ಹಿಡಿದು ನಿಂತಾಗ ಉಸಿರಾಟದ ಕಡೆ ಗಮನ ತಾನಾಗೇ ಹೋಗುತ್ತದೆ. ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಪಟ್ಟಿಯಲ್ಲಿ ನನಗೆ ಬಹಳ ಇಷ್ಟವಾದದ್ದು ‘ಬೇಗ ಹೊರಡಿ.’ ಎಲ್ಲರಿಗೂ ಒಂದೇ ಮೇಲ್‌ನಲ್ಲಿ ಬೇಗ ಹೊರಡಿ ಅನ್ನುತ್ತಾರೆ. ಎಲ್ಲರೂ ಬೇಗ ಹೊರಡುತ್ತಾರೆ. ಎಂಟೂವರೆಗೆ ಆಗುತ್ತಿದ್ದ ಟ್ರಾಫಿಕ್ ಜಾಮ್ ಏಳಕ್ಕೇ ಆಗುತ್ತದೆ. ಸಮಯಪಾಲನೆ ಅಂದರೆ ಇದೇ ಅಲ್ವಾ?

ಬರೆಯಬೇಕಾಗಿದ್ದ ಸಲಹೆ ಮಾತ್ರ ಅದರಲ್ಲಿ ಇರುವುದಿಲ್ಲ. ರಭಸವಾಗಿ ಹರಿಯುವ ನೀರು 15 ಸೆಂಟಿಮೀಟರ್ ಇದ್ದರೆ ದೊಡ್ಡವರನ್ನೂ ಬೀಳಿಸಬಲ್ಲದು. 30 ಸೆಂಟಿಮೀಟರ್ ಇದ್ದರೆ ಕಾರನ್ನು ತೇಲಿಸಿಕೊಂಡು ಹೋಗಬಲ್ಲದು. 60 ಆದರೆ ದೊಡ್ಡ ಎಸ್‌ಯುವಿಯೂ ನಿಲ್ಲುವುದಿಲ್ಲ. ರಸ್ತೆ ಕಾಣದಿದ್ದರೆ ವಾಪಸ್ ತಿರುಗಿ, ಅಷ್ಟೇ. ಇದನ್ನು ಬರೆದರೆ ಮುಂದಿನ ಸಾಲಲ್ಲಿ ‘ತಿರುಗಿದವರಿಗೆ ರಜೆ ಕಳೆಯುವುದಿಲ್ಲ’ ಅಂತಲೂ ಬರೆಯಬೇಕಾಗುತ್ತದೆ. ಅದಕ್ಕೇ ಕಾಮನಬಿಲ್ಲು ಬಿಡಿಸಿದ್ದಾರೆ.

ಸಿಡಿಲಿಗೂ ಒಂದು ಲೆಕ್ಕ ಉಂಟು. ಕೊನೆಯ ಗುಡುಗು ಕೇಳಿದ ಮೇಲೂ 30 ನಿಮಿಷ ಒಳಗೇ ಇರಬೇಕು ಅನ್ನುತ್ತಾರೆ ಬಲ್ಲವರು. ಹಾಜರಾತಿಯಲ್ಲಿ ತಡವಾಗಿ ಬರಲು ಇರುವ ವಿನಾಯಿತಿ ಹತ್ತು ನಿಮಿಷ. ಉಳಿದ ಇಪ್ಪತ್ತು ನಿಮಿಷವನ್ನು ಸಿಡಿಲಿನ ಜೊತೆ ನೇರವಾಗಿ ಮಾತಾಡಿ ಹೊಂದಿಸಿಕೊಳ್ಳಬೇಕು.

ಹೇಗೋ ತಲುಪಿದಿರಿ ಅಂತಿಟ್ಟುಕೊಳ್ಳಿ. ಬಾಗಿಲಲ್ಲಿ ಬೆರಳಚ್ಚಿನ ಯಂತ್ರ ಕಾದಿದೆ. ಒಂದೂವರೆ ಗಂಟೆ ಮಳೆಯಲ್ಲಿ ನೆನೆದ ಬೆರಳಿನ ತುದಿ ಸುಕ್ಕುಗಟ್ಟಿರುತ್ತದೆ. ಇದು ಚರ್ಮ ನೀರು ಕುಡಿದು ಉಬ್ಬಿದ್ದಲ್ಲ. ನರಗಳು ಚರ್ಮದ ಕೆಳಗಿನ ರಕ್ತನಾಳಗಳನ್ನು ಬಿಗಿಮಾಡುವುದರಿಂದ ಆಗುವುದು. ಬೆರಳಿನ ನರ ತುಂಡಾದವರಿಗೆ ಹೀಗೆ ಸುಕ್ಕು ಬರುವುದೇ ಇಲ್ಲ. ಯಂತ್ರಕ್ಕೆ ಇದೆಲ್ಲ ಯಾಕೆ? ಅದು ಕೆಂಪು ದೀಪ ಹಾಕಿ ‘ಮತ್ತೆ ಪ್ರಯತ್ನಿಸಿ’ ಅನ್ನುತ್ತದೆ. ಬೆರಳನ್ನು ಪ್ಯಾಂಟಿಗೆ ಒರೆಸುತ್ತೀರಿ. ಪ್ಯಾಂಟು ಬೆರಳಿಗಿಂತ ಒದ್ದೆ. ‘ಮತ್ತೆ ಪ್ರಯತ್ನಿಸಿ.’ ಹಿಂದೆ ಸಾಲು ಬೆಳೆಯುತ್ತದೆ, ಎಲ್ಲರೂ ಬೆರಳಿಗೆ ಉಫ್ ಉಫ್ ಅಂತ ಊದಿಕೊಳ್ಳುತ್ತಿರುತ್ತಾರೆ. ಸೆಕ್ಯುರಿಟಿಯವರು ಪಾಪ, ತಮ್ಮ ಕರ್ಚೀಫು ಕೊಡುತ್ತಾರೆ. ಆರನೆಯವರ ಹೊತ್ತಿಗೆ ಅದೂ ಹಿಂಡುವ ಸ್ಥಿತಿಗೆ ಬಂದಿರುತ್ತದೆ. ಅಷ್ಟರಲ್ಲಿ ಒಂಬತ್ತು ದಾಟಿ ಹನ್ನೊಂದು ನಿಮಿಷ ಆಗಿ, ಬಿರುಗಾಳಿ ದಾಟಿ ಬಂದವರೆಲ್ಲ ಬೆರಳಿನಿಂದಾಗಿ ತಡವಾದವರ ಪಟ್ಟಿಗೆ ಸೇರುತ್ತಾರೆ.

ಒಳಗೆ ಎಸಿ ಹದಿನೆಂಟು ಡಿಗ್ರಿಯಲ್ಲಿದೆ. ಆ ಚಳಿಯನ್ನು ಕಡಿಮೆ ಮಾಡುವ ಅಧಿಕಾರ ಇನ್ನೊಂದು ಕಟ್ಟಡದಲ್ಲಿ ಕೂತವರಿಗೆ ಮಾತ್ರ. ಒದ್ದೆ ಕಾಲುಚೀಲ ಕಂಪ್ಯೂಟರ್ ಹಿಂದಿನ ಬಿಸಿಗಾಳಿಗೆ ಒಣಗಲು ಹಾಕಿ, ಹೆಡ್‌ಫೋನ್ ಏರಿಸಿ, ಹತ್ತು ಗಂಟೆಯ ಮೀಟಿಂಗಿಗೆ ಸೇರುತ್ತೇವೆ. ಮೀಟಿಂಗ್ ಆನ್‌ಲೈನ್. ಎದುರು ಕೂತವರ ಮಾತು ಒಮ್ಮೆ ನೇರವಾಗಿ, ಒಂದು ಕ್ಷಣ ಬಿಟ್ಟು ಇನ್ನೊಮ್ಮೆ ಕಿವಿಯೊಳಗೆ ಕೇಳುತ್ತದೆ. ಎಲ್ಲರೂ ಖುದ್ದಾಗಿ ಬರಬೇಕು ಅಂತ ಮೇಲ್ ಕಳಿಸಿದ್ದವರು ಮನೆಯಿಂದ ಸೇರಿಕೊಂಡಿದ್ದಾರೆ. ‘ಸಾರಿ, ನಮ್ಮ ಕಡೆ ಸ್ವಲ್ಪ ಮಳೆ ಜಾಸ್ತಿ’ ಅನ್ನುತ್ತಾರೆ. ಕ್ಯಾಮೆರಾ ಬೇರೆ ಆಫ್. ‘ಮುಖಾಮುಖಿ ಕೂತರೇನೇ ಐಡಿಯಾಗಳು ಹುಟ್ಟೋದು’ ಅಂತ ಆಮೇಲೆ ಇಪ್ಪತ್ತು ನಿಮಿಷ ಮಾತಾಡುತ್ತಾರೆ. ‘ಹೌದು ಸರ್’ ಅಂತ ಎಲ್ಲರೂ ಚಾಟ್‌ನಲ್ಲಿ ಹೆಬ್ಬೆರಳು ಎತ್ತುತ್ತೇವೆ, ಯಂತ್ರ ಗುರುತಿಸದ ಅದೇ ಹೆಬ್ಬೆರಳು.

ಇದಕ್ಕೆ ಬೇರೆ ದಾರಿ ಇದೆ ಅಂತ ಮೊನ್ನೆಯ ಸಾಂಕ್ರಾಮಿಕದಲ್ಲಿ ಗೊತ್ತಾದದ್ದೇನಲ್ಲ. 1973ರಲ್ಲೇ ಅಮೆರಿಕದ ಎಂಜಿನಿಯರ್ ಜ್ಯಾಕ್ ನಿಲ್ಲೆಸ್, ಮುಖ್ಯ ಕಚೇರಿಗೆ ಹೋಗದೆ ದೂರದಿಂದಲೇ ಕೆಲಸ ಮಾಡುವುದಕ್ಕೆ ಟೆಲಿಕಮ್ಯೂಟಿಂಗ್ ಅಂತ ಹೆಸರಿಟ್ಟರು. ಒಂದು ವಿಮಾ ಕಂಪನಿಯ ನೌಕರರನ್ನು ಅವರವರ ಮನೆ ಹತ್ತಿರದ ಸಣ್ಣ ಕಚೇರಿಗಳಲ್ಲಿ ಕೂರಿಸಿ ಪ್ರಯೋಗವನ್ನೂ ಮಾಡಿದರು. ಜನರನ್ನು ಸಾಗಿಸುವ ಬದಲು ಕೆಲಸವನ್ನು ಸಾಗಿಸಿ ಅನ್ನುವ ಸರಳ ಮಾತು. ಅರ್ಧ ಶತಮಾನ ದಾಟಿತು. ಆ ಮಾತು ಇನ್ನೂ ಟ್ರಾಫಿಕ್‌ನಲ್ಲೇ ಇದೆ.

ಮಧ್ಯಾಹ್ನಕ್ಕೆ ಕಥೆ ತಿರುಗುತ್ತದೆ. ಕಿಟಕಿ ಗಾಜು ಅಲುಗಾಡಲು ಶುರುವಾದಾಗ ಮೇಲಿನವರಿಗೆ ದಿಗಿಲಾಗುತ್ತದೆ. ಎಲ್ಲರೂ ತಕ್ಷಣ ಮನೆಗೆ ಹೊರಡಿ ಅಂತ ಆಜ್ಞೆಯಾಗುತ್ತದೆ. ಪಕ್ಕದ ಕಂಪನಿಗೂ ಅದೇ ಹೊತ್ತಿಗೆ ದಿಗಿಲು. ಶಾಲೆಗಳಿಗೂ, ಸರ್ಕಾರಿ ಕಚೇರಿಗಳಿಗೂ ಅದೇ ಗಳಿಗೆ. ಇದರ ಫಲ ಏನು ಅನ್ನುವುದನ್ನು ಅಮೆರಿಕದ ಅಟ್ಲಾಂಟಾ ನಗರ 2014ರ ಜನವರಿ 28ರಂದು ಜಗತ್ತಿಗೇ ತೋರಿಸಿಕೊಟ್ಟಿತು. ಬಿದ್ದ ಹಿಮ ಆರು ಸೆಂಟಿಮೀಟರ್ ಆಸುಪಾಸು. ಎಚ್ಚರಿಕೆ ಬೆಳಗಿನ ಜಾವವೇ ಬಂದಿತ್ತು. ಬೆಳಗ್ಗೆ ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋದರು. ಮಧ್ಯಾಹ್ನ ಹಿಮ ಕಂಡದ್ದೇ ತಡ, ಕಚೇರಿ, ಶಾಲೆ, ಸರ್ಕಾರ ಎಲ್ಲ ಒಟ್ಟಿಗೆ ಬಾಗಿಲು ಹಾಕಿ ಜನರನ್ನು ರಸ್ತೆಗೆ ಬಿಟ್ಟವು. ರಸ್ತೆಗೆ ಉಪ್ಪು ಹಾಕಬೇಕಿದ್ದ ಲಾರಿಗಳೂ ಅದೇ ಜಾಮಿನಲ್ಲಿ ಸಿಕ್ಕಿಕೊಂಡವು. ಎಷ್ಟೋ ಮಂದಿ ರಾತ್ರಿಯಿಡೀ ಕಾರಿನಲ್ಲೇ ಕಳೆದರು. ಮಕ್ಕಳು ಶಾಲೆಗಳಲ್ಲೇ ಮಲಗಿದರು. ಒಂದು ಹೆರಿಗೆ ಹೆದ್ದಾರಿಯ ಮೇಲೇ ಆಯಿತು. ಆ ಮಗುವೊಂದೇ ಅವತ್ತು ಸಮಯಕ್ಕೆ ಸರಿಯಾಗಿ ಬಂದದ್ದು ಅಂತ ಕಾಣುತ್ತದೆ.

ಎಲ್ಲರೂ ಮನೆಯಲ್ಲಿ ಕೂರಲು ಆಗುವುದಿಲ್ಲ, ನಿಜ. ನರ್ಸುಗಳು, ಲೈನ್‌ಮನ್‌ಗಳು, ಬಸ್ ಚಾಲಕರು, ಅಗ್ನಿಶಾಮಕದವರು ಹೋಗಲೇಬೇಕು. ಅವರಿಗೆ ‘ವಿವೇಚನೆ’ಯ ಮೇಲ್ ಕೂಡ ಬರುವುದಿಲ್ಲ. ಅವರಿಗೆ ರಸ್ತೆ ಖಾಲಿ ಇರಬೇಕು, ಅಷ್ಟೇ ಬೇಕಾದದ್ದು. ಆಂಬುಲೆನ್ಸ್ ಮುಂದೆ ನಿಂತಿರುವ ಇನ್ನೂರು ಕಾರಿನೊಳಗೆ ಎಷ್ಟು ಎಕ್ಸೆಲ್ ಶೀಟುಗಳು ಕೂತಿವೆ ಅಂತ ಯಾರಾದರೂ ಎಣಿಸಬೇಕು.

ನಗು ನಿಲ್ಲುವ ಜಾಗವೂ ಇದೆ. 2024ರ ಅಕ್ಟೋಬರ್ 29ರಂದು ಸ್ಪೇನ್‌ನ ವೆಲೆನ್ಸಿಯಾದಲ್ಲಿ ಹವಾಮಾನ ಇಲಾಖೆ ಬೆಳಗ್ಗೆ ಏಳೂವರೆ ಸುಮಾರಿಗೇ ಕೆಂಪು ಎಚ್ಚರಿಕೆ ಕೊಟ್ಟಿತ್ತು. ಅಲ್ಲಿನ ವಿಶ್ವವಿದ್ಯಾಲಯ ಹಿಂದಿನ ದಿನವೇ ತರಗತಿ ರದ್ದು ಮಾಡಿತ್ತು, ಅಂದರೆ ಮುನ್ಸೂಚನೆ ಓದಿ ಅರ್ಥ ಮಾಡಿಕೊಳ್ಳಬಹುದಿತ್ತು. ಆದರೆ ಜನರ ಮೊಬೈಲಿಗೆ ತುರ್ತು ಸಂದೇಶ ಹೋದದ್ದು ರಾತ್ರಿ 8 ಗಂಟೆ 11 ನಿಮಿಷಕ್ಕೆ. ಅಷ್ಟು ಹೊತ್ತಿಗೆ ಎಷ್ಟೋ ಕಡೆ ನೀರು ನುಗ್ಗಿಯಾಗಿತ್ತು. ಕೆಲಸ ಮುಗಿಸಿ ಮನೆಗೆ ಹೊರಟವರು ದಾರಿಯಲ್ಲಿದ್ದರು. ಆ ಪ್ರವಾಹದಲ್ಲಿ ಸತ್ತವರು 220ಕ್ಕೂ ಹೆಚ್ಚು.

ಒಂದು ತಿಂಗಳಾದ ಮೇಲೆ ಸ್ಪೇನ್ ಸರ್ಕಾರ ಹೊಸ ನಿಯಮ ತಂದಿತು. ಹವಾಮಾನದ ತುರ್ತು ಸ್ಥಿತಿಯಲ್ಲಿ, ಓಡಾಡಬೇಡಿ ಅಂತ ಅಧಿಕಾರಿಗಳು ಹೇಳಿದಾಗ, ನೌಕರರಿಗೆ ನಾಲ್ಕು ದಿನದವರೆಗೆ ಸಂಬಳ ಸಹಿತ ರಜೆ. ಇಷ್ಟು ಸಣ್ಣ ನಿಯಮ. ಅದಕ್ಕೆ ಎಷ್ಟು ಜೀವ ಹೋಗಬೇಕಾಯಿತು ನೋಡಿ.

ಈ ನಿಯಮ ಎಲ್ಲ ಕಡೆ ಬಂದರೆ ನಮ್ಮ ಥರದ ಕಚೇರಿಗಳೂ ಹಿಂದೆ ಬೀಳುವುದಿಲ್ಲ, ನನಗೆ ಪೂರ್ತಿ ನಂಬಿಕೆ ಇದೆ. ಬಿರುಗಾಳಿ ರಜೆಗೆ ಪ್ರತ್ಯೇಕ ಅರ್ಜಿ ನಮೂನೆ ತಯಾರಾಗುತ್ತದೆ. ಬಿರುಗಾಳಿಯ ಪೂರ್ಣ ಹೆಸರು, ಅದು ಆರಂಭವಾಗುವ ಮತ್ತು ಮುಗಿಯುವ ಸಮಯ, ಈ ಮೊದಲು ಇದೇ ಬಿರುಗಾಳಿಗೆ ರಜೆ ಪಡೆದಿದ್ದೀರಾ, ಹೌದಾದರೆ ವಿವರ. ಮುಳುಗಿದ ರಸ್ತೆಯ ಎರಡು ಫೋಟೋ ಲಗತ್ತಿಸಬೇಕು, ಅದರಲ್ಲಿ ಅರ್ಜಿದಾರರ ಮುಖ ಸ್ಪಷ್ಟವಾಗಿ ಕಾಣಬೇಕು. ಮೂರು ಕೆಲಸದ ದಿನ ಮುಂಚಿತವಾಗಿ ಸಲ್ಲಿಸಬೇಕು. ಆನ್‌ಲೈನ್ ಅರ್ಜಿ ಸ್ವೀಕರಿಸುವುದಿಲ್ಲ. ಬಿರುಗಾಳಿಯ ದಿನ ಬೆಳಗ್ಗೆ ಒಂಬತ್ತರೊಳಗೆ ಖುದ್ದಾಗಿ ಕಚೇರಿಗೆ ಬಂದು, ಹೆಬ್ಬೆರಳು ಒತ್ತಿ, ಅನುಮತಿ ಪತ್ರ ಪಡೆದುಕೊಂಡು ಹೋಗತಕ್ಕದ್ದು.