ಫಿಯಾಮೆ ಸಂಪುಟ ಬಿಟ್ಟದ್ದು ತತ್ವಕ್ಕಾಗಿಯೇ? ಪರ–ವಿರೋಧ

ಪೆಸಿಫಿಕ್ ಸಾಗರದ ಸಮೋವಾದಲ್ಲಿರುವ ಜನ ಸುಮಾರು ಎರಡು ಲಕ್ಷ. ಅಲ್ಲಿನ ಉಪಪ್ರಧಾನಿ ಫಿಯಾಮೆ ನವೋಮಿ ಮತಾಅಫಾ 2020ರ ಸೆಪ್ಟೆಂಬರ್‌ನಲ್ಲಿ ಸಂಪುಟಕ್ಕೆ ರಾಜೀನಾಮೆ ಕೊಟ್ಟರು. ಮರುವರ್ಷ ತಮ್ಮ ಹಳೆಯ ಪಕ್ಷವನ್ನೇ ಸೋಲಿಸಿ ದೇಶದ ಮೊದಲ ಮಹಿಳಾ ಪ್ರಧಾನಿಯಾದರು. ಆ ರಾಜೀನಾಮೆ ತತ್ವದ್ದೋ, ಲೆಕ್ಕಾಚಾರದ್ದೋ?

ಪರ

ಆಗ ಆಡಳಿತದಲ್ಲಿದ್ದ ಅವರ ಮಾನವ ಹಕ್ಕುಗಳ ರಕ್ಷಣಾ ಪಕ್ಷ ಸೋಲಬಹುದೆಂದು ಊಹಿಸಿದವರು ಕಡಿಮೆ. ಅದರ ನಾಯಕ ತುಯಿಲೇಪ ಸೈಲೆಲೆ 1998ರಿಂದ ಪ್ರಧಾನಿಯಾಗಿದ್ದರು. 2016ರ ಚುನಾವಣೆಯ ನಂತರ ಸದನದಲ್ಲಿ ಅಧಿಕೃತ ವಿರೋಧ ಪಕ್ಷವೇ ಇರಲಿಲ್ಲ. ಅಂಥ ಸರ್ಕಾರದ ಎರಡನೇ ಸ್ಥಾನದಲ್ಲಿ ಕೂತವರು ಸುಮ್ಮನಿದ್ದಿದ್ದರೆ ಪ್ರಧಾನಿ ಪಟ್ಟ ತಾನಾಗಿ ಬರುವ ಸಾಧ್ಯತೆಯೂ ಇತ್ತು. ಲೆಕ್ಕ ಹಾಕುವವರು ಅಂಥ ಜಾಗ ಬಿಟ್ಟು ಏಳುವುದಿಲ್ಲ.

ಎದ್ದದ್ದು ಯಾವುದಕ್ಕೆ ಎಂಬುದನ್ನೂ ನೋಡಬೇಕು. ಸಮೋವಾದ ಸುಮಾರು 80% ಭೂಮಿ ಕುಲದ ಆಸ್ತಿ. ಅದರ ಮೇಲಿನ ಅಧಿಕಾರ ‘ಮತಾಯಿ’ ಎಂಬ ಮುಖ್ಯಸ್ಥನದು. ಯಾವ ಮತಾಯಿ ಪದವಿ ಯಾರಿಗೆ, ಯಾವ ಜಮೀನು ಯಾರದು ಎಂಬುದನ್ನು ಭೂಮಿ ಮತ್ತು ಪದವಿಗಳ ನ್ಯಾಯಾಲಯ ತೀರ್ಮಾನಿಸುತ್ತದೆ. 2020ರಲ್ಲಿ ಸರ್ಕಾರ ತಂದ, ಅವರ ರಾಜೀನಾಮೆಗೆ ಕಾರಣವಾದ ಮೂರು ಮಸೂದೆಗಳು ಆ ನ್ಯಾಯಾಲಯವನ್ನು ಸುಪ್ರೀಂ ಕೋರ್ಟ್‌ನ ಪರಿಶೀಲನೆಯಿಂದ ಹೊರಗಿಟ್ಟು ಪ್ರತ್ಯೇಕ ವ್ಯವಸ್ಥೆಯಾಗಿಸುವಂಥವು. ಅಲ್ಲಿ ಮೂಲಭೂತ ಹಕ್ಕಿಗೆ ಧಕ್ಕೆಯಾಯಿತೆಂದು ದೂರುವವನಿಗೆ ಮೇಲೆ ಹೋಗಲು ಬಾಗಿಲೇ ಇರುವುದಿಲ್ಲ. ಫಿಯಾಮೆ ಈ ನ್ಯಾಯಾಲಯವನ್ನು ಕಕ್ಷಿದಾರಳಾಗಿಯೂ ಕಂಡವರು. ದೇಶದ ಮೊದಲ ಪ್ರಧಾನಿಯಾಗಿದ್ದ ತಂದೆ ತೀರಿಕೊಂಡ ಮೇಲೆ, ವೆಲ್ಲಿಂಗ್ಟನ್‌ನ ಓದು ಬಿಟ್ಟು ಬಂದು ಮನೆತನದ ಮತಾಯಿ ಪದವಿಗಾಗಿ ವ್ಯಾಜ್ಯ ನಡೆಸಿ, ಇಪ್ಪತ್ತರ ಹರೆಯದಲ್ಲೇ ‘ಫಿಯಾಮೆ’ ಎಂಬ ಆ ಪದವಿ ಪಡೆದವರು. ಮುಂದೆ 2011ರಿಂದ 2016ರವರೆಗೆ ನ್ಯಾಯಾಂಗ ಆಡಳಿತದ ಖಾತೆಯನ್ನೂ ನಿರ್ವಹಿಸಿದರು. ಮಸೂದೆಯ ಕೇಡು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

2021ರ ಏಪ್ರಿಲ್ ಚುನಾವಣೆಯಲ್ಲಿ ಆಡಳಿತ ಪಕ್ಷಕ್ಕೂ ಫಿಯಾಮೆ ನಾಯಕತ್ವದ ಹೊಸ ಫಾಸ್ಟ್ ಪಕ್ಷಕ್ಕೂ 25–25, ಒಬ್ಬ ಪಕ್ಷೇತರ. ಆಗ ಚುನಾವಣಾ ಆಯುಕ್ತರು ಮಹಿಳಾ ಮೀಸಲಾತಿಯ ನೆಪದಲ್ಲಿ ಆಡಳಿತ ಪಕ್ಷಕ್ಕೆ ಒಂದು ಹೆಚ್ಚುವರಿ ಸ್ಥಾನ ಸೇರಿಸಿದರು. 51ರಲ್ಲಿ ಐವರು ಮಹಿಳೆಯರೆಂದರೆ ಇರಲೇಬೇಕಾದ 10%ಕ್ಕೆ ಕೂದಲೆಳೆಯಷ್ಟು ಕಡಿಮೆ ಎಂಬುದು ಅವರ ವಾದ. ಮೊದಲ ಮಹಿಳಾ ಪ್ರಧಾನಿಯನ್ನು ತಡೆಯಲು ಮಹಿಳಾ ಮೀಸಲಾತಿಯೇ ಅಡ್ಡಬಂತು! ಸುಪ್ರೀಂ ಕೋರ್ಟ್ ಆ ನೇಮಕವನ್ನು ಅಸಿಂಧುಗೊಳಿಸಿತು. ಮೇ 24ರಂದು ಪ್ರಮಾಣವಚನಕ್ಕೆ ಮುಖ್ಯ ನ್ಯಾಯಮೂರ್ತಿಗಳು ವಿಗ್, ನಿಲುವಂಗಿ ಧರಿಸಿ ಸಂಸತ್ ಭವನಕ್ಕೆ ನಡೆದು ಬಂದರೆ ಬಾಗಿಲಿಗೆ ಬೀಗ. ಸಂಜೆ ಹೊರಗಿನ ಹುಲ್ಲಿನ ಮೇಲೆ ಶಾಮಿಯಾನ ಎದ್ದಿತು, ಅದರಡಿ ಫಿಯಾಮೆ ಪ್ರಮಾಣ ಸ್ವೀಕರಿಸಿದರು. ಅದು ಸಿಂಧುವೆಂದು ಮೇಲ್ಮನವಿ ನ್ಯಾಯಾಲಯ ಹೇಳಿದ್ದು ಜುಲೈ 23ರಂದು. ಎರಡು ತಿಂಗಳು ಅವರ ಕಡೆಯವರು ಬೀಗ ಒಡೆಯಲಿಲ್ಲ, ಕಲ್ಲು ತೂರಲಿಲ್ಲ. ನ್ಯಾಯಾಲಯಗಳ ಅಧಿಕಾರ ಉಳಿಯಲೆಂದು ಹುದ್ದೆ ಬಿಟ್ಟವರು ನ್ಯಾಯಾಲಯದ ಮಾತಿಗೇ ಕಾದರು. ಇದಕ್ಕಿಂತ ಬೇರೆ ಪುರಾವೆ ಏಕೆ?

ವಿರೋಧ

ಪುರಾವೆ ಬೇಕು, ಏಕೆಂದರೆ ಮೇಲಿನ ಕಥೆ 2020ರಿಂದ ಆರಂಭವಾಗುತ್ತದೆ. ಫಿಯಾಮೆಯವರ ಕಥೆ ಆರಂಭವಾಗುವುದು 1985ರಲ್ಲಿ, ಲೊಟೊಫಗ ಕ್ಷೇತ್ರದಿಂದ. 1991ರಲ್ಲಿ ದೇಶದ ಮೊದಲ ಸಚಿವೆಯಾದ ಮೇಲೆ ಶಿಕ್ಷಣ, ಮಹಿಳಾ ಅಭಿವೃದ್ಧಿ, ನ್ಯಾಯಾಂಗ, ಪರಿಸರ ಎಂದು ಖಾತೆಗಳು ಬದಲಾದವು, ಕುರ್ಚಿ ಮಾತ್ರ ಕದಲಲಿಲ್ಲ. ಪಕ್ಷದೊಳಗಿನ ಮೂವತ್ತು ವರ್ಷಗಳನ್ನು ಬದಿಗಿಟ್ಟು ಹೊರಬಂದ ಒಂದು ದಿನವನ್ನು ಮೆರೆಸುವುದು ನ್ಯಾಯವಲ್ಲ.

1994ರಲ್ಲಿ ಮುಖ್ಯ ಲೆಕ್ಕಪರಿಶೋಧಕರು ಸಚಿವರ ಅಕ್ರಮಗಳ ಬಗ್ಗೆ ವರದಿ ಕೊಟ್ಟರು. ಮರುವರ್ಷ ಸರ್ಕಾರ ಅವರನ್ನೇ ಅಮಾನತು ಮಾಡಿತು, ಆಮೇಲೆ ಸಂವಿಧಾನ ತಿದ್ದಿ ಆ ಹುದ್ದೆಯ ಭದ್ರತೆಯನ್ನೂ ಮೊಟಕುಗೊಳಿಸಿತು. ಸಂವಿಧಾನದ ಕಂಬಕ್ಕೆ ಕೊಡಲಿ ಬಿದ್ದದ್ದು ಆಗಲೂ ಹೌದು. ಆಗ ಶಿಕ್ಷಣ ಸಚಿವೆಯಾಗಿದ್ದ ಫಿಯಾಮೆ ರಾಜೀನಾಮೆ ಕೊಡಲಿಲ್ಲ. 2017ರಲ್ಲಿ ಸಮೋವಾವನ್ನು ಕ್ರೈಸ್ತ ರಾಷ್ಟ್ರವೆಂದು ಸಂವಿಧಾನದಲ್ಲೇ ಬರೆಸಿದಾಗ ಅವರು ಉಪಪ್ರಧಾನಿ. ಒಳಗಿದ್ದೇ ಸರಿಪಡಿಸುತ್ತಿದ್ದರೇನೋ ಎಂದು ಉದಾರವಾಗಿ ಒಪ್ಪಬಹುದು. ಆದರೆ ಒಳಗಿದ್ದು ಸರಿಪಡಿಸಿದ್ದರ ಗುರುತು ಎಲ್ಲಿ?

ಕಾಲವೂ ಕಣ್ಣಿಗೆ ಹೊಡೆಯುತ್ತದೆ. ಚುನಾವಣೆಗೆ ಏಳು ತಿಂಗಳಿದ್ದಾಗ ರಾಜೀನಾಮೆ. ಲಾಉಲಿ ಶ್ಮಿಟ್ ಅದೇ ವರ್ಷ ಕಟ್ಟಿದ್ದ ಫಾಸ್ಟ್ ಪಕ್ಷ ಆಗಲೇ ತಲೆಯೆತ್ತಿತ್ತು. ಅದಕ್ಕೆ ಬೇಕಿದ್ದದ್ದು ದೊಡ್ಡ ಮನೆತನದ ಹೆಸರು, ಇವರಿಗೆ ಬೇಕಿದ್ದದ್ದು ಸಂಘಟನೆ. 2021ರ ಮಾರ್ಚ್‌ನಲ್ಲಿ ನಾಯಕತ್ವ ಫಿಯಾಮೆಯವರಿಗೆ ಬಂತು. ತತ್ವವೂ ಇದ್ದಿರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಅವರು ಹೊರಬಂದು ನಿಂತ ಜಾಗದಲ್ಲಿ ಬಂಡಿ ಸಿದ್ಧವಾಗಿ ಕಾದಿತ್ತು.

ಬೇರೆಯವರ ಬಂಡಿ ಹತ್ತಿದ್ದರ ಬೆಲೆ 2025ರಲ್ಲಿ ಗೊತ್ತಾಯಿತು. ಕ್ರಿಮಿನಲ್ ಆರೋಪ ಎದುರಿಸುತ್ತಿದ್ದ ಲಾಉಲಿಯನ್ನು ಜನವರಿಯಲ್ಲಿ ಸಂಪುಟದಿಂದ ಕೈಬಿಟ್ಟರು. ಇದು ಸರಿಯಾದ ಕೆಲಸವೆಂದೇ ನನ್ನ ಎಣಿಕೆ. ಪಕ್ಷ ತಿರುಗಿ ಪ್ರಧಾನಿಯನ್ನೇ ಉಚ್ಚಾಟಿಸಿತು. ಎರಡು ಅವಿಶ್ವಾಸ ನಿರ್ಣಯಗಳನ್ನು ಅವರು ಗೆದ್ದರು ನಿಜ. ಆದರೆ ಮಾರ್ಚ್‌ನಲ್ಲಿ ಲಾಉಲಿ ತಂದ ಎರಡನೆಯದರಿಂದ ಅವರನ್ನು ಪಾರುಮಾಡಿದ್ದು, ಪ್ರಜಾಪ್ರಭುತ್ವಕ್ಕೆ ಅಪಾಯವೆಂದು ತಾವು ಬಿಟ್ಟುಬಂದಿದ್ದ ತುಯಿಲೇಪರ ಪಕ್ಷದ ಮತಗಳು. ಸ್ವಂತ ಪಕ್ಷವೇ ಹೊರಹಾಕಿದ ಮೇಲೂ, ಹಳೆಯ ಎದುರಾಳಿಗಳ ಕೃಪೆಯಲ್ಲಾದರೂ, ಆ ಸ್ಥಾನದಲ್ಲೇ ಕೂತದ್ದು ಯಾವ ತತ್ವ? ಆಗಲೇ ಚುನಾವಣೆ ಕರೆದು ಜನರ ಮುಂದೆ ಹೋಗಬಹುದಿತ್ತು. ಮೇ ತಿಂಗಳಲ್ಲಿ ಬಜೆಟ್ ಬಿದ್ದ ಮೇಲಷ್ಟೇ ಹೋದರು. ಆಗಸ್ಟ್ 29ರ ಚುನಾವಣೆಯಲ್ಲಿ ಅವರ ಹೊಸ ಪಕ್ಷಕ್ಕೆ ದಕ್ಕಿದ್ದು ಬೆರಳೆಣಿಕೆಯ ಸ್ಥಾನಗಳು. ಪ್ರಧಾನಿಯಾದದ್ದು ಲಾಉಲಿ.