ಕ್ಷಮೆ ಕೇಳಬೇಕಾದವನನ್ನು ಬಿಟ್ಟು ಕ್ಷಮಿಸಬೇಕಾದವಳ ಬಳಿಗೆ

ನಮ್ಮ ಕ್ರೈಸ್ತ ಸಭೆಗಳಲ್ಲಿ ಕ್ಷಮೆಯ ಮಾತು ಬಂದಾಗಲೆಲ್ಲ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯವನ್ನು ತೆರೆಯುತ್ತಾರೆ. ಏಳು ಸಾರಿ ಕ್ಷಮಿಸಿದರೆ ಸಾಕೇ ಎಂದು ಶಿಷ್ಯನಾದ ಪೇತ್ರನು ಕೇಳುತ್ತಾನೆ. ಏಳೆಪ್ಪತ್ತು ಸಾರಿ ಎಂದು ಯೇಸು ಉತ್ತರಿಸುತ್ತಾನೆ. ಪ್ರಸಂಗ ಅಲ್ಲಿಂದಲೇ ಆರಂಭವಾಗುವುದರಿಂದ, ಅದಕ್ಕೆ ಸ್ವಲ್ಪ ಮೊದಲು ಬರುವ 15ರಿಂದ 17ನೇ ವಚನಗಳು ಕಿವಿಗೆ ಬೀಳುವುದು ಅಪರೂಪ. ತಪ್ಪು ಮಾಡಿದವನಿಗೆ ಅವನ ತಪ್ಪನ್ನು ಏಕಾಂತದಲ್ಲಿ ತಿಳಿಸು, ಕೇಳದಿದ್ದರೆ ಇನ್ನೊಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ಹೇಳು, ಸಭೆಯ ಮಾತನ್ನೂ ಕೇಳದವನನ್ನು ಹೊರಗಿನವನೆಂದು ಎಣಿಸು ಎಂಬ ಕ್ರಮ ಅಲ್ಲಿದೆ. ಲೂಕನ 17ನೇ ಅಧ್ಯಾಯದಲ್ಲಿಯೂ ಗದರಿಸು ಎಂಬ ಮಾತು ಮೊದಲು, ಪಶ್ಚಾತ್ತಾಪಪಟ್ಟರೆ ಕ್ಷಮಿಸು ಎಂಬುದು ಆಮೇಲೆ.

ಆದರೆ ಕುಡಿದು ಬಂದು ಹೆಂಡತಿಗೆ ಹೊಡೆಯುವವನ ಮನೆಯಲ್ಲಿ ಎಷ್ಟೋ ಸಲ ನಡೆಯುವುದೇ ಬೇರೆ. ಸಭಾ ಹಿರಿಯರು ಬರುತ್ತಾರೆ, ಪ್ರಾರ್ಥನೆ ಮಾಡುತ್ತಾರೆ, ಕಾಫಿ ಕುಡಿಯುತ್ತಾರೆ (ಊದಿದ ಕೈಯಲ್ಲಿ ಆ ಕಾಫಿ ಮಾಡಿ ತಂದವಳೂ ಅವಳೇ), ಎದ್ದು ಹೊರಡುವಾಗ, "ನೀನು ವಿಶ್ವಾಸಿ, ಕ್ಷಮಿಸಿಬಿಡಮ್ಮ, ಠಾಣೆಯ ಮೆಟ್ಟಿಲು ಹತ್ತಿದರೆ ಸಭೆಯ ಹೆಸರು ಕೆಡುತ್ತದೆ" ಎನ್ನುತ್ತಾರೆ. ಗಂಡನಿಗೆ ಹೇಳುವುದು, "ಇನ್ನು ಮೇಲೆ ನೋಡಿಕೊಂಡು ಇರಪ್ಪ" ಎಂಬಷ್ಟು ಮಾತ್ರ. ಇದನ್ನು ಕ್ಷಮೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಇದು ಬಾಯಿ ಮುಚ್ಚಿಸುವ ಕೆಲಸ.

ಇಂಥ ಸಂದರ್ಭಗಳಲ್ಲಿ ಗ್ಲಾಡಿಸ್ ಸ್ಟೇನ್ಸ್ ಅವರ ಹೆಸರನ್ನು ಉದಾಹರಿಸುವವರಿದ್ದಾರೆ. 1999ರ ಜನವರಿಯ ಒಂದು ರಾತ್ರಿ, ಒಡಿಶಾದ ಮನೋಹರಪುರದಲ್ಲಿ, ವಾಹನದೊಳಗೆ ಮಲಗಿದ್ದ ಅವರ ಪತಿ ಗ್ರಹಾಂ ಅವರನ್ನೂ ಮಕ್ಕಳಾದ ಫಿಲಿಪ್ ಮತ್ತು ತಿಮೊಥಿಯನ್ನೂ ಗುಂಪೊಂದು ಸುಟ್ಟು ಕೊಂದಿತು. ಕೊಂದವರನ್ನು ಕ್ಷಮಿಸಿದ್ದೇನೆಂದು ಹೇಳಿದ ಆ ತಾಯಿ, ಮಗಳೊಂದಿಗೆ ಬಾರಿಪದದಲ್ಲೇ ಉಳಿದು, ಕುಷ್ಠರೋಗಿಗಳ ಸೇವೆಯನ್ನು ಇನ್ನೂ ಕೆಲವು ವರ್ಷ ಮುಂದುವರಿಸಿದರು. ಹಾಗೆಂದು ಅಪರಾಧಿಯನ್ನು ಬಿಟ್ಟುಬಿಡಿ ಎಂದು ಅವರು ಕೇಳಲಿಲ್ಲ. ಕ್ಷಮೆಯೇ ಬೇರೆ, ಅಪರಾಧದ ಪರಿಣಾಮವೇ ಬೇರೆ ಎಂಬುದು ಅವರ ನಿಲುವಾಗಿತ್ತು. ವಿಚಾರಣಾ ನ್ಯಾಯಾಲಯ 2003ರಲ್ಲಿ ಪ್ರಮುಖ ಅಪರಾಧಿ ದಾರಾ ಸಿಂಗ್‌ಗೆ ವಿಧಿಸಿದ ಮರಣದಂಡನೆಯನ್ನು ಹೈಕೋರ್ಟ್ 2005ರಲ್ಲಿ ಜೀವಾವಧಿಗೆ ಇಳಿಸಿತು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅವರ ಕ್ಷಮೆ ಕಾನೂನಿನ ದಾರಿಗೆ ಎಲ್ಲಿಯೂ ಅಡ್ಡ ನಿಲ್ಲಲಿಲ್ಲ. ಮೇಲಾಗಿ, ಆ ಕ್ಷಮೆ ಅವರು ತಾವಾಗಿ ಕೊಟ್ಟದ್ದು.

ಕ್ರೈಸ್ತನಿಗೆ ಕ್ಷಮೆ ಬೇಕಾದರೆ ಉಂಟು, ಬೇಡವಾದರೆ ಇಲ್ಲ ಎನ್ನುವಂಥ ವಿಷಯವಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಹತ್ತು ಸಾವಿರ ತಲಾಂತಿನಷ್ಟು ಅಪಾರ ಸಾಲ ಮನ್ನಾ ಮಾಡಿಸಿಕೊಂಡವನು ನೂರು ದಿನಾರಿಯ ಚಿಕ್ಕ ಸಾಲಕ್ಕಾಗಿ ಜೊತೆಯಾಳಿನ ಕುತ್ತಿಗೆ ಹಿಡಿದ ಸಾಮ್ಯವೂ (ದೃಷ್ಟಾಂತ ಕಥೆಯೂ) ಅದೇ ಅಧ್ಯಾಯದಲ್ಲಿದೆ, ಅದರಿಂದ ನುಣುಚಿಕೊಳ್ಳುವಂತಿಲ್ಲ. ಆದರೆ ಗಾಯಗೊಂಡವಳು ದೇವರ ಮುಂದೆ ಎಷ್ಟು ಕಾಲ ಅತ್ತು ಆ ಹಂತಕ್ಕೆ ಬರಬೇಕೆಂಬುದನ್ನು ಹಿರಿಯರ ಸಮಿತಿ ಗೊತ್ತುಮಾಡಲಾಗದು. ಯಜ್ಞವೇದಿಯ ಮುಂದೆ ಕಾಣಿಕೆಯನ್ನು ಬಿಟ್ಟು ಮೊದಲು ಸಮಾಧಾನ ಮಾಡಿಕೊಂಡು ಬಾ ಎಂದು ಯೇಸು ಹೇಳುವುದೂ ಯಾರ ಮೇಲೆ ದೂರಿದೆಯೋ ಅವನಿಗೇ. ಸುಂಕ ವಸೂಲಿಗಾರನಾದ ಜಕ್ಕಾಯನು ಯೇಸುವಿನ ಮುಂದೆ, ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಎದ್ದು ನಿಂತು ಹೇಳಿದನು.

ಆದ್ದರಿಂದ ಹಿರಿಯರು ಮೊದಲು ಗಂಡನ ಎದುರು ಕುಳಿತು, ಅವಳ ಆಸ್ಪತ್ರೆಯ ಖರ್ಚನ್ನು ಯಾವಾಗ ಕೊಡುತ್ತೀಯ, ಕುಡಿತ ಬಿಡಿಸುವ ಕೇಂದ್ರಕ್ಕೆ ಎಂದು ಸೇರುತ್ತೀಯ, ಅಲ್ಲಿಯವರೆಗೆ ಎಲ್ಲಿ ಬೇರೆ ಇರುತ್ತೀಯ ಎಂದು ಕೇಳಲಿ. ಅವಳು ದೂರು ಕೊಡಲು ಹೊರಟರೆ ಅವರಲ್ಲಿ ಒಬ್ಬರಾದರೂ ಠಾಣೆಯವರೆಗೆ ಜೊತೆಗೆ ಹೋಗಲಿ.